ನೆಲದೊಳಗಿನ ನಷ್ಟ ಯಾರದು?

ತಾಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕ ಇರುವುದನ್ನು ಕಂಡವರು ಬಹಳ ಮಂದಿ, ಹತ್ತಿರ ಹೋಗಿ ಬಗ್ಗಿ ನೋಡಿದವರು ಕಡಿಮೆ. ನೆಲದಿಂದ ಒಂದಡಿ ಎತ್ತರಕ್ಕೆ ನಿಂತ ಲೋಹದ ಕೊಳವೆ, ಅದರ ಬಾಯಲ್ಲಿ ಐದಿಂಚು ಅಗಲದ ಆಲಿಕೆ, ಆಲಿಕೆಯ ಕೆಳಗೆ ಒಂದು ಶೀಸೆ. ಬೆಳಿಗ್ಗೆ ಗುಮಾಸ್ತರು ಬಂದು, ಶೀಸೆಯಲ್ಲಿ ಕೂಡಿದ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಪಾತ್ರೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಷ್ಟು ಇಂಚು ಇಷ್ಟು ಸೆಂಟು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಮಳೆ ಬಾರದ ದಿನ ಸೊನ್ನೆ. ಶಿರಾ, ಪಾವಗಡದ ಪುಟಗಳಲ್ಲಿ ಸೊನ್ನೆಗಳೇ ಜಾಸ್ತಿ. ವಿಮೆಯ ಲೋಕಕ್ಕೆ ಮೈಸೂರು ಸಂಸ್ಥಾನ ಕೊಟ್ಟ ಬಹು ದೊಡ್ಡ ಆಲೋಚನೆಯೊಂದು ಹುಟ್ಟಿದ್ದು ಇಂಥ ರಿಜಿಸ್ಟರುಗಳಿಂದ. ಅದೇ ಬಗೆಯ ಆಲೋಚನೆಯನ್ನು ಅರ್ಧ ಶತಮಾನದ ಮೇಲೆ, ನಮ್ಮ ಕತೆ ಕೇಳದೆಯೇ, ಸುರಂಗ ಕೊರೆಯುವವರು ಬೇರೆ ದೇಶಗಳಲ್ಲಿ ತಾವಾಗಿ ಕಂಡುಕೊಂಡರು. ಈ ಎರಡು ಕತೆಗಳನ್ನು ಒಟ್ಟಿಗೆ ಹೇಳಬೇಕೆಂದು ನನಗೆ ಅನ್ನಿಸಿದ್ದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ ರಾತ್ರಿಯಿಡೀ ಮೊರೆಯುವ ಬೋರ್‌ವೆಲ್ ಲಾರಿಗಳ ಕಾರಣಕ್ಕೆ. ನೆಲದೊಳಗೆ ಏನಿದೆಯೆಂದು ತಿಳಿಯದೆ ದುಡ್ಡು ಸುರಿಯುವ ಕೆಲಸ ಇಲ್ಲಿ ದಿನವೂ ನಡೆಯುತ್ತದೆ.

ಮೊದಲು ಮಳೆಯ ಕತೆ.

1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆಯನ್ನು ಮುರಿದು ಹಾಕಿತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷ ರಾಜ್ಯ ಒಡೆಯರ ಕೈಗೆ ಮರಳಿದಾಗ ಬರದ ಲೆಕ್ಕದ 80 ಲಕ್ಷ ರೂಪಾಯಿ ಸಾಲವೂ ಜೊತೆಗೆ ಬಂತು. ಆ ಪೆಟ್ಟು ತಿಂದ ಆಡಳಿತ ಮಳೆಯನ್ನು ಮೊದಲಿಗಿಂತ ಹೆಚ್ಚು ಲಕ್ಷ್ಯವಿಟ್ಟು ಬರೆದಿಡಲು ಶುರುಮಾಡಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಹವಾಮಾನ ಇಲಾಖೆ ನಡೆಯಿತು, ತಾಲೂಕು ತಾಲೂಕಿನ ಮಳೆ ಲೆಕ್ಕ ಅಚ್ಚಾಗತೊಡಗಿತು. ಬರೆಯುತ್ತಿದ್ದ ಗುಮಾಸ್ತರಿಗೆ ಅದು ನಿತ್ಯದ ಸಣ್ಣ ಕೆಲಸ. ಆದರೆ ನಲವತ್ತು ವರ್ಷ ಬಿಡದೆ ನಡೆದ ಸಣ್ಣ ಕೆಲಸ.

ಇನ್ನೊಂದು ಕಡೆ ಸಂಸ್ಥಾನಕ್ಕೆ ವಿಮೆಯ ಅನುಭವವೂ ಕೂಡಿತ್ತು. 1891ರಲ್ಲೇ ಸರ್ಕಾರಿ ನೌಕರರಿಗೆ ಸರ್ಕಾರವೇ ನಡೆಸುವ ಜೀವವಿಮೆ ಮೈಸೂರಿನಲ್ಲಿ ಆರಂಭವಾಯಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅದು. ಆ ವಿಮೆಯನ್ನು ನೋಡಿಕೊಳ್ಳುವ ಸಮಿತಿಯ ಕಾರ್ಯದರ್ಶಿಯಾಗಿ, ಸರ್ಕಾರದ ಹಣಕಾಸು ವಿಭಾಗದಲ್ಲಿ ಹಿರಿಯ ಅಧಿಕಾರಿಯಾಗಿ ಕೆಲಸ ಮಾಡಿದವರು ಜೆ. ಎಸ್. ಚಕ್ರವರ್ತಿ. ಹಗಲೆಲ್ಲ ಜೀವವಿಮೆಯ ಲೆಕ್ಕ ನೋಡುವ ಮನುಷ್ಯನ ಕಣ್ಣಿಗೆ ಮಳೆಯ ರಿಜಿಸ್ಟರು ಬೇರೆಯದಾಗಿಯೇ ಕಂಡಿರಬೇಕು. ಯಾರು ಯಾವಾಗ ಸಾಯುತ್ತಾರೆಂದು ವಿಮೆಯವರಿಗೆ ಗೊತ್ತಿಲ್ಲ, ಆದರೆ ಸಾವಿರ ಜನರಲ್ಲಿ ಎಷ್ಟು ಮಂದಿ ಎಂಬುದನ್ನು ದಾಖಲೆ ಹೇಳುತ್ತದೆ. ಯಾವ ವರ್ಷ ಮಳೆ ಕೈಕೊಡುತ್ತದೆಂದು ಯಾರಿಗೂ ಗೊತ್ತಿಲ್ಲ, ಆದರೆ ನಲವತ್ತು ವರ್ಷದಲ್ಲಿ ಎಷ್ಟು ಸಲ ಕೈಕೊಟ್ಟಿತೆಂಬುದು ತಾಲೂಕು ಕಚೇರಿಯಲ್ಲಿ ಬರೆದಿಟ್ಟಿದೆ. ಆತನ ಯೋಚನೆ ಹೀಗೆ ಹರಿದಿರಬೇಕೆಂಬುದು ನನ್ನ ಊಹೆ. ಆತ ತಲುಪಿದ ತೀರ್ಮಾನ ಮಾತ್ರ ಊಹೆಯಲ್ಲ, ಅಚ್ಚಾಗಿ ಉಳಿದಿದೆ.

ಬೆಳೆಗೆ ವಿಮೆ ಮಾಡುವುದು ಏಕೆ ಕಷ್ಟ? ಒಬ್ಬ ರೈತನ ರಾಗಿ ಒಣಗಿತೆಂದರೆ ಅದು ಮಳೆಯಿಲ್ಲದೆ ಒಣಗಿತೋ, ಗೊಬ್ಬರ ಹಾಕದೆ ಸೊರಗಿತೋ, ಕಳೆ ತೆಗೆಯದೆ ಕೆಟ್ಟಿತೋ ಎಂದು ತೀರ್ಮಾನಿಸಲು ಹೊಲಕ್ಕೊಬ್ಬ ಅಮೀನ ಬೇಕು. ಸಾವಿರಾರು ತುಂಡು ಹೊಲಗಳ ಸೀಮೆಯಲ್ಲಿ ಅಷ್ಟು ಅಮೀನರ ಸಂಬಳವೇ ವಿಮೆಯ ಹಣವನ್ನು ತಿಂದುಹಾಕುತ್ತದೆ. ಪರಿಹಾರ ಬರುತ್ತದೆಂದು ಗೊತ್ತಾದರೆ ಬೇಸಾಯವನ್ನೇ ಸಡಿಲ ಬಿಡುವವರೂ ಇರುತ್ತಾರೆ. ಅಷ್ಟಾದ ಮೇಲೂ ಜಗಳ ತಪ್ಪದು. ಚಕ್ರವರ್ತಿಯವರು ಈ ಗಂಟನ್ನು ಬಿಚ್ಚಲು ಹೋಗಲೇ ಇಲ್ಲ, ಪಕ್ಕಕ್ಕಿಟ್ಟರು. ಬೆಳೆಯ ನಷ್ಟವನ್ನು ಅಳೆಯುವುದೇ ಬೇಡ, ಮಳೆಯನ್ನು ಅಳೆಯೋಣ ಎಂದರು. ಒಂದು ಮಾಪಕದ ಸುತ್ತಲಿನ ಪ್ರದೇಶವೆಲ್ಲ ಒಂದು ಘಟಕ. ಹಂಗಾಮಿನ ಮಳೆ ವಾಡಿಕೆಯ ಮಳೆಯ ಗೊತ್ತುಪಡಿಸಿದ ಪ್ರಮಾಣಕ್ಕಿಂತ ಕಡಿಮೆಯಾದರೆ, ವಿಮೆ ಮಾಡಿಸಿದ ಪ್ರತಿ ರೈತನಿಗೂ ಎಕರೆಗೆ ಇಷ್ಟು ಎಂಬ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಯಾರೂ ಹೊಲಕ್ಕೆ ಬಂದು ನೋಡಬೇಕಿಲ್ಲ. ಚೆನ್ನಾಗಿ ದುಡಿದವನಿಗೆ ಬೆಳೆಯೂ ಉಳಿಯಬಹುದು, ಪರಿಹಾರವೂ ಸಿಗಬಹುದು. ಸೋಮಾರಿಗೆ ಬಹುಮಾನವಿಲ್ಲ. ಮಳೆಯನ್ನು ರೈತನೂ ತಿದ್ದಲಾರ, ಕಂಪನಿಯೂ ತಿದ್ದಲಾರದು.

1870ರಿಂದ 1914ರವರೆಗಿನ ಮಳೆ ದಾಖಲೆ ಇಟ್ಟುಕೊಂಡು ಆತ ಲೆಕ್ಕ ಕಟ್ಟಿದರು. ಉದಾಹರಣೆಗೆ ಆರಿಸಿಕೊಂಡದ್ದು ಚಿತ್ರದುರ್ಗದ ಮಳೆ. ಶಿರಾ, ಪಾವಗಡಕ್ಕೆ ಗಡಿ ಹಂಚಿಕೊಂಡ ಜಿಲ್ಲೆ ಅದು, ಅದೇ ಮಳೆನೆರಳು, ಅದೇ ಬಯಲು. ಕೃಷಿ ವಿಮೆಯನ್ನು ಕುರಿತ ಅವರ ಪುಸ್ತಕ 1920ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಇವತ್ತು ಜಗತ್ತಿನ ಅರ್ಥಶಾಸ್ತ್ರಜ್ಞರು ಸೂಚ್ಯಂಕ ವಿಮೆ ಎಂದು ಕರೆಯುವುದರ ಪೂರ್ಣ ರೂಪ ಅದರಲ್ಲಿದೆ. ಯೋಜನೆ ಜಾರಿಗೆ ಬರಲಿಲ್ಲ. ಇದು ನನಗೆ ಈಗಲೂ ನೋವಿನ ಸಂಗತಿ. ಸರ್ ಎಂ. ವಿಶ್ವೇಶ್ವರಯ್ಯನವರಂಥ ದಿವಾನರಿದ್ದ, ಕೈಗಾರಿಕೆಗೆ, ಬ್ಯಾಂಕಿಗೆ, ಅಣೆಕಟ್ಟೆಗೆ ಹಣ ಹೊಂದಿಸಿದ ರಾಜ್ಯ ಅದು. ಮಳೆಯಾಶ್ರಿತ ರೈತನ ಪಾಲಿಗೆ ಮಾತ್ರ ಆ ಪುಸ್ತಕ ಕಪಾಟು ಬಿಟ್ಟು ಇಳಿಯಲಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಒಬ್ಬೊಬ್ಬರ ಹೊಲದ ಬದಲು ಇಡೀ ಪ್ರದೇಶದ ಇಳುವರಿ ನೋಡಿ ಪರಿಹಾರ ಕೊಡುವ ಪದ್ಧತಿಯನ್ನು ಮುಂದಿಟ್ಟರು. 1985ರ ಸಮಗ್ರ ಬೆಳೆ ವಿಮೆ ಬಂದದ್ದು ಆ ದಾರಿಯಲ್ಲಿ. ಮಳೆಯನ್ನೇ ಅಳತೆಗೋಲು ಮಾಡಿದ ಪಾಲಿಸಿ 2003ರಲ್ಲಿ ಆಗಿನ ಆಂಧ್ರದ ಮಹಬೂಬ್‌ನಗರದಲ್ಲಿ ಸಣ್ಣ ಪ್ರಮಾಣದಲ್ಲಿ ಮಾರಾಟವಾಯಿತು. 2007ರಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗ ಕರ್ನಾಟಕದಲ್ಲಿ ನಡೆಯಿತು. ಪುಸ್ತಕ ಅಚ್ಚಾಗಿ ಅಷ್ಟು ಹೊತ್ತಿಗೆ 87 ವರ್ಷ.

ಪಾವಗಡ ಈ ಕತೆಗೆ ಸೇರುವುದು ಒಂದು ತೊಡಕಿನ ಮೂಲಕ. ವರ್ಷಕ್ಕೆ 600 ಮಿಲಿಮೀಟರ್ ದಾಟದ ಸರಾಸರಿ ಮಳೆ, ಕೆಂಪು ಮಣ್ಣು, ನೆಚ್ಚಿದ ಬೆಳೆ ಕಡಲೆಕಾಯಿ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ. ಆರ್. ಶೇಷಗಿರಿ ರಾವ್ ಮತ್ತು ಸಂಗಡಿಗರು ಅನಂತಪುರ-ಪಾವಗಡ ಸೀಮೆಯ ಕಡಲೆಕಾಯಿ ಬೇಸಾಯವನ್ನು ರೈತರ ಜೊತೆ ಕೂತು ಅಭ್ಯಾಸ ಮಾಡಿದರು. ಹಂಗಾಮಿನ ಒಟ್ಟು ಮಳೆಗಿಂತ ಮಳೆ ಯಾವಾಗ ಬಂತು ಎಂಬುದು ಮುಖ್ಯವೆಂದು ಅವರ ಲೆಕ್ಕ ತೋರಿಸಿತು. ಕಾಯಿ ಕಟ್ಟುವ ಹೊತ್ತಿಗೆ ಮೂರು ವಾರ ಒಣಹವೆ ಹಿಡಿದರೆ, ಮೊದಲು ಬಂದ ಹದ ಮಳೆಯೆಲ್ಲ ಲೆಕ್ಕದಲ್ಲಿ ಉಳಿಯುತ್ತದೆಯೇ ಹೊರತು ಬಳ್ಳಿಯಲ್ಲಿ ಉಳಿಯುವುದಿಲ್ಲ. ಜೂನ್ ಕೊನೆಗೆ ಬಿತ್ತುವುದಕ್ಕಿಂತ ಜುಲೈ ಮಧ್ಯ ಕಳೆದ ಮೇಲೆ ಬಿತ್ತಿದರೆ ನಷ್ಟದ ಸಂಭವ ಕಡಿಮೆಯೆಂದೂ ಅವರು ಕಂಡುಕೊಂಡರು. ವಿಮೆಗೆ ಇದರಿಂದ ದೊರೆತ ಪಾಠ ದೊಡ್ಡದು. ಅಳತೆಗೋಲು ಸುಲಭವಾಗಿದ್ದರೆ ಸಾಲದು, ನಷ್ಟ ಎಲ್ಲಿ ಆಗುತ್ತದೋ ಅಲ್ಲಿಗೆ ಅದು ಮುಟ್ಟಬೇಕು. ಮಾಪಕದ ಹತ್ತಿರ ಒಂದು ಹದ ಮಳೆ ಬಿದ್ದು ಎರಡು ಮೈಲಿ ಆಚೆ ಧೂಳೆದ್ದರೆ ಆ ಧೂಳಿನ ಹೊಲದವನಿಗೆ ಪರಿಹಾರವಿಲ್ಲ. ಇವತ್ತು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕಗಳಿವೆ. ಅವುಗಳಿಂದ ಆ ಅಂತರ ಬಹಳ ಕಿರಿದಾಗಿದೆ.

ಈಗ ನೆಲದ ಕೆಳಗೆ ಇಳಿಯೋಣ. ಮಳೆಯಾದರೆ ಆಕಾಶದಿಂದ ಎಲ್ಲರ ಕಣ್ಣೆದುರು ಬೀಳುತ್ತದೆ. ನೆಲ ಹಾಗಲ್ಲ. ಸುರಂಗ ತೆಗೆಯುವವನು ದಾರಿಯುದ್ದಕ್ಕೂ ಅಲ್ಲಲ್ಲಿ ತೂತು ಕೊರೆದು ಕಲ್ಲಿನ ಮಾದರಿ ತೆಗೆದು ನೋಡುತ್ತಾನೆ. ಎರಡು ತೂತಿನ ನಡುವೆ ಏನಿದೆಯೆಂದು ಅಂದಾಜು ಮಾತ್ರ. ಗಟ್ಟಿ ಬಂಡೆಯೆಂದು ನಂಬಿ ಹೋದಲ್ಲಿ ಪುಡಿಮಣ್ಣು ಸಿಕ್ಕಬಹುದು, ಒಣ ನೆಲವೆಂದಲ್ಲಿ ಬಿರುಕಿನಿಂದ ನೀರು ನುಗ್ಗಬಹುದು. ಆಗ ಆಗುವ ಖರ್ಚು, ತಡ, ಕುಸಿತ ಯಾರ ಲೆಕ್ಕಕ್ಕೆ? ಬಹುಕಾಲ ಇದಕ್ಕಿದ್ದ ಉತ್ತರ ಒಂದೇ. ಗುತ್ತಿಗೆದಾರ ಜಾಗ ನೋಡಿಯೇ ದರ ಹಾಕಿದ್ದಾನೆ, ಸಿಕ್ಕಿದ್ದೆಲ್ಲ ಅವನದೇ. ಅವನು ಏನು ಮಾಡಬೇಕು? ಹೆದರಿದವನು ದರ ಏರಿಸುತ್ತಾನೆ, ಟೆಂಡರು ಅವನಿಗೆ ಸಿಗುವುದಿಲ್ಲ. ಧೈರ್ಯ ಮಾಡಿದವನು ಕಡಿಮೆ ದರಕ್ಕೆ ಕೆಲಸ ಹಿಡಿದು, ನೆಲ ಕೈಕೊಟ್ಟ ದಿನದಿಂದ ವಕೀಲರ ಮನೆಗೆ ಅಲೆಯುತ್ತಾನೆ.

ಅಮೆರಿಕದ ಕೊಲರಾಡೊದಲ್ಲಿ ರಾಕಿ ಪರ್ವತಗಳ ಕೆಳಗೆ ಐಸೆನ್‌ಹೋವರ್ ಸುರಂಗದ ಮೊದಲ ಕೊಳವೆಯ ಕೆಲಸ 1968ರಲ್ಲಿ ಶುರುವಾಯಿತು. ಮೂರು ವರ್ಷದಲ್ಲಿ ಮುಗಿಯಬೇಕಿದ್ದದ್ದು ಐದು ವರ್ಷ ಹಿಡಿದು 1973ರಲ್ಲಿ ತೆರೆಯಿತು. ಒಡೆದು ಪುಡಿಯಾದ ಕಲ್ಲಿನ ಪಟ್ಟಿಯಲ್ಲಿ ಬೆಟ್ಟ ಸುರಂಗವನ್ನು ಒಳಮುಖವಾಗಿ ಹಿಂಡುತ್ತಿತ್ತು. ಖರ್ಚು ಮೀರಿತು, ವ್ಯಾಜ್ಯ ಬೆಳೆಯಿತು. ಅದೇ ಹೊತ್ತಿಗೆ ಅಮೆರಿಕದ ಸುರಂಗ ತಂತ್ರಜ್ಞಾನ ಸಮಿತಿ ಕೂತು ಯೋಚಿಸಿ 1974ರಲ್ಲಿ ಒಂದು ವರದಿ ಕೊಟ್ಟಿತು. ನೆಲ ಯಾರ ಸ್ವತ್ತೋ ಅವರೇ ನೆಲದ ಗುಣದೋಷಕ್ಕೂ ಹೊಣೆ ಹೊರಬೇಕು, ಗೊತ್ತಿರುವ ಮಾಹಿತಿಯನ್ನೆಲ್ಲ ಟೆಂಡರಿನವರ ಮುಂದಿಡಬೇಕು, ಕಷ್ಟ ಬಂದರೆ ಯಾರು ಎಷ್ಟು ಹೊರಬೇಕೆಂದು ಕೊರೆಯುವ ಮೊದಲೇ ಬರೆಯಬೇಕು ಎಂಬ ದಿಕ್ಕಿನಲ್ಲಿತ್ತು ಅದರ ಮಾತು. 1975ರಲ್ಲಿ ಐಸೆನ್‌ಹೋವರ್ ಸುರಂಗದ ಎರಡನೆಯ ಕೊಳವೆಗೆ ಕೈಹಾಕಿದಾಗ, ಎರಡೂ ಕಡೆಯವರು ಒಪ್ಪಿದ ಮೂವರು ಅನುಭವಿಗಳ ಮಂಡಳಿಯನ್ನು ಕೆಲಸದ ಮೊದಲ ದಿನದಿಂದಲೇ ನೇಮಿಸಿದರು. ಜಗಳ ಹುಟ್ಟಿದ ಜಾಗಕ್ಕೇ ಹೋಗಿ ಕಲ್ಲು ಮುಟ್ಟಿ ನೋಡಿ ಅಭಿಪ್ರಾಯ ಕೊಡುವ ಪಂಚಾಯಿತಿ ಅದು. ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ದಾರಿಯಲ್ಲಿ ನಡೆಯುತ್ತ ನಡೆಯುತ್ತ ಒಂದು ಹೊಸ ಬಗೆಯ ದಾಖಲೆ ರೂಪುಗೊಂಡಿತು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 1997ರಲ್ಲಿ ಅದರ ಮಾರ್ಗದರ್ಶಿ ಹೊರತಂದಿತು. ಭೂಸ್ಥಿತಿಯ ಆಧಾರರೇಖೆ ವರದಿ ಎನ್ನಬಹುದು. ಅದರ ಒಳಗೆ ಏನಿರುತ್ತದೆಂದು ಹತ್ತಿರದಿಂದ ನೋಡಬೇಕು. ಮಾಮೂಲಿ ಭೂವಿಜ್ಞಾನದ ವರದಿಯಲ್ಲಿ 'ಇಲ್ಲಿ ಬಂಡೆಗುಂಡುಗಳು ಸಿಗುವ ಸಾಧ್ಯತೆ ಇದೆ' ಎಂಬ ಜಾರಿಕೊಳ್ಳುವ ಮಾತಿರುತ್ತದೆ. ಆಧಾರರೇಖೆ ವರದಿಯಲ್ಲಿ ಜಾರಿಕೊಳ್ಳುವ ಹಾಗಿಲ್ಲ. ಈ ನೂರು ಮೀಟರಿನಲ್ಲಿ ಒಂದು ಮೀಟರಿಗಿಂತ ದೊಡ್ಡ ಗುಂಡುಗಳು ಇಷ್ಟು, ಬಂಡೆಯ ಗಟ್ಟಿತನ ಇಷ್ಟರಿಂದ ಇಷ್ಟು, ಕೊರೆಯುವ ಮುಖದಲ್ಲಿ ನಿಮಿಷಕ್ಕೆ ಒಸರುವ ನೀರು ಇಷ್ಟು ಲೀಟರು ಎಂದು ಅಂಕಿಯಲ್ಲಿ ಬರೆಯಬೇಕು. ಆ ಅಂಕಿಯ ಒಳಗಿನದು ಗುತ್ತಿಗೆದಾರನದು, ಅವನ ದರದಲ್ಲೇ ಅದು ಸೇರಿದೆ. ಅಂಕಿ ಮೀರಿದರೆ ಖರ್ಚು ಕೆಲಸ ಮಾಡಿಸುವವನದು. ಬರೆದ ಅಂಕಿ ನಿಜವಾದ ನೆಲಕ್ಕೆ ಹೊಂದಲೇಬೇಕೆಂದಿಲ್ಲ. ಎರಡೂ ಕಡೆಯವರು ಮುಂಚೆಯೇ ಒಪ್ಪಿಕೊಂಡ ಗೆರೆ ಅದು, ಅಷ್ಟೇ.

ಚಕ್ರವರ್ತಿಯವರ ಪುಸ್ತಕ ಗೊತ್ತಿದ್ದವರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು. ಇದು ಅದೇ ಉಪಾಯ. ಯಾರ ತಪ್ಪಿನಿಂದ ನಷ್ಟವಾಯಿತೆಂದು ಆಮೇಲೆ ಕಿತ್ತಾಡುವ ಬದಲು, ಇಬ್ಬರೂ ತಿದ್ದಲಾಗದ ಒಂದು ಅಳತೆಯನ್ನು ಮೊದಲೇ ಗೊತ್ತುಮಾಡು. ಗೆರೆ ದಾಟಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಲಿ. ಬಯಲುಸೀಮೆಯ ಮಳೆ ಲೆಕ್ಕದಿಂದ ಒಬ್ಬರು ಹೊರಟರು, ಬೆಟ್ಟದ ಹೊಟ್ಟೆಯಿಂದ ಇನ್ನೊಬ್ಬರು ಹೊರಟರು, ಬಂದು ಸೇರಿದ್ದು ಒಂದೇ ಜಾಗಕ್ಕೆ.

ವಿಮಾ ಕಂಪನಿಗಳು ಮಾತ್ರ ಇದನ್ನು ತಡವಾಗಿ ಕಲಿತವು. ದೊಡ್ಡ ನಿರ್ಮಾಣಗಳಿಗೆ ಗುತ್ತಿಗೆದಾರನ ಸರ್ವ ಅಪಾಯ ಪಾಲಿಸಿ ಎಂಬುದೊಂದಿದೆ. ಸೇತುವೆಗೂ ಅದೇ, ಸುರಂಗಕ್ಕೂ ಅದೇ ಎಂಬಂತೆ ಕಂಪನಿಗಳು ಪೈಪೋಟಿಯಲ್ಲಿ ಅಗ್ಗದ ಪ್ರೀಮಿಯಂಗೆ ಅದನ್ನು ಮಾರಿದವು. 1994ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೆಟ್ರೊ ಸುರಂಗ ಕುಸಿದು ರಸ್ತೆಯಲ್ಲಿ ಬಿದ್ದ ಗುಂಡಿಗೆ ಬಸ್ಸೊಂದು ಇಳಿಯಿತು, ಪ್ರಾಣಗಳು ಹೋದವು. ಮರುತಿಂಗಳು, ಅಕ್ಟೋಬರ್ 21ರಂದು, ಲಂಡನ್ನಿನ ಹೀಥ್ರೊ ವಿಮಾನ ನಿಲ್ದಾಣದ ನಟ್ಟನಡುವೆ ರೈಲು ಸುರಂಗಗಳು ಕುಸಿದವು. ಅಲ್ಲಿ ಯಾರೂ ಸಾಯಲಿಲ್ಲ, ಆದರೆ ಮೇಲಿನ ಕಟ್ಟಡ ವಾಲಿತು, ನಷ್ಟ ಅಪಾರ. ಅಲ್ಲಿಂದ ಮುಂದೆ ಹಲವು ದೇಶಗಳಲ್ಲಿ ಕುಸಿತದ ಸರಣಿಯೇ ನಡೆಯಿತು. ಬಂದ ಪ್ರೀಮಿಯಮ್ಮಿಗಿಂತ ಕಟ್ಟಿಕೊಟ್ಟ ಪರಿಹಾರ ಎಷ್ಟೋ ಪಾಲು ಹೆಚ್ಚಾಗಿ, ಸುರಂಗಕ್ಕೆ ವಿಮೆಯೇ ಬೇಡವೆನ್ನುವ ಹಂತಕ್ಕೆ ಕಂಪನಿಗಳು ಬಂದವು. ವಿಮೆಯಿಲ್ಲದೆ ಬ್ಯಾಂಕು ಸಾಲ ಕೊಡದು, ಸಾಲವಿಲ್ಲದೆ ಸುರಂಗವಿಲ್ಲ.

ಹೀಗೆ ಗಂಟಲಿಗೆ ಬಂದಾಗ ಬ್ರಿಟನ್ನಿನ ಸುರಂಗ ಎಂಜಿನಿಯರುಗಳೂ ವಿಮೆಯವರೂ ಒಂದೇ ಮೇಜಿಗೆ ಕೂತರು. 2003ರಲ್ಲಿ ಸುರಂಗ ಕೆಲಸದ ಅಪಾಯ ನಿರ್ವಹಣೆಗೆ ಜಂಟಿ ಸಂಹಿತೆ ಹೊರಬಂತು, 2006ರಲ್ಲಿ ಅದರ ಅಂತರರಾಷ್ಟ್ರೀಯ ರೂಪ ಬಂತು. ಯೋಜನೆ ಕಾಗದದ ಮೇಲಿರುವಾಗಿನಿಂದ ಕೊನೆಯ ದಿನದವರೆಗೆ ಒಂದು ಅಪಾಯಗಳ ರಿಜಿಸ್ಟರು ಇಡಬೇಕು. ಯಾವ ಅಪಾಯ, ಬಂದರೆ ಎಷ್ಟು ಪೆಟ್ಟು, ತಡೆಯಲು ಏನು ಮಾಡಿದ್ದೀರಿ, ಹೊಣೆ ಯಾರದು ಎಂದು ಒಂದೊಂದನ್ನೂ ಬರೆಯಬೇಕು. ನೆಲದ ಆಧಾರಸ್ಥಿತಿ ಗುತ್ತಿಗೆಯಲ್ಲೇ ಇರಬೇಕು. ಸಂಹಿತೆ ಪಾಲಿಸದಿದ್ದರೆ ವಿಮೆ ನಿಂತುಹೋಗಬಹುದು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ತಿರುವು. ಅಲ್ಲಿಯವರೆಗೆ ಕುಸಿದ ಮೇಲೆ ದುಡ್ಡು ಕೊಡುವವರಾಗಿದ್ದ ವಿಮೆಯವರು ಆಮೇಲೆ ಕುಸಿಯದ ಹಾಗೆ ನೋಡಿಕೊಳ್ಳುವವರಾದರು. 2019ರಲ್ಲಿ ಅಂತರರಾಷ್ಟ್ರೀಯ ಎಂಜಿನಿಯರುಗಳ ಒಕ್ಕೂಟ ಫಿಡಿಕ್ ನೆಲದಡಿಯ ಕೆಲಸಗಳಿಗೆಂದೇ ಪ್ರತ್ಯೇಕ ಮಾದರಿ ಗುತ್ತಿಗೆ ತಂದಾಗ, ಆಧಾರರೇಖೆ ವರದಿಯನ್ನು ಅದರ ಹೃದಯಕ್ಕೇ ಇಟ್ಟಿತು.

ನಮ್ಮ ನೆಲಕ್ಕೆ ಈ ಪಾಠ ಎಷ್ಟು ಬೇಕೆಂದು ಬೆಂಗಳೂರಿನ ಮೆಟ್ರೊ ತೋರಿಸಿಕೊಟ್ಟಿತು. ಬೆಂಗಳೂರಿನ ಅಡಿಯಲ್ಲಿರುವುದು ಬಹು ಪುರಾತನ ನೈಸ್ ಶಿಲೆ, ಗ್ರಾನೈಟ್. ಅದು ಸಮವಾಗಿ ಸವೆದಿಲ್ಲ. ಒಂದೇ ಸುರಂಗದ ಮುಖದಲ್ಲಿ ಕೆಳಗರ್ಧ ಉಕ್ಕಿನಂಥ ಬಂಡೆ, ಮೇಲರ್ಧ ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಮಣ್ಣು, ನಡುವೆ ಗುಂಡುಗಳು. ಬಂಡೆಗೆಂದು ಮಾಡಿದ ಕಟರು ಮಣ್ಣಿನಲ್ಲಿ ತಿರುಗದೆ ಒಂದೇ ಮಗ್ಗುಲು ಸವೆಯುತ್ತದೆ, ಬಂಡೆಯನ್ನು ನಿಧಾನವಾಗಿ ಕೊರೆಯುವಷ್ಟರಲ್ಲಿ ಮೇಲಿನ ಮಣ್ಣು ಒಳಗಿಳಿದು ಬೀದಿಯಲ್ಲಿ ಗುಂಡಿ ಬೀಳುತ್ತದೆ. ಮೊದಲ ಹಂತದಲ್ಲಿ ಮೆಜೆಸ್ಟಿಕ್-ಚಿಕ್ಕಪೇಟೆ ಭಾಗದಲ್ಲಿ 'ಗೋದಾವರಿ' ಎಂಬ ಸುರಂಗ ಯಂತ್ರ ತಿಂಗಳುಗಟ್ಟಲೆ ನಿಂತುಹೋಗಿತ್ತು. ಉತ್ತರ-ದಕ್ಷಿಣ ಮಾರ್ಗದ ಸುರಂಗ ಜನರಿಗೆ ತೆರೆದದ್ದು 2017ರ ಜೂನ್‌ನಲ್ಲಿ.

ಗ್ರಾನೈಟ್ ಮಾತು ಬಂದ ಮೇಲೆ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬಿಟ್ಟು ಮುಂದೆ ಹೋಗಲಾಗದು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತ ಗ್ರಾನೈಟಿನ ಪಟ್ಟಿ ಮಾಗಡಿ, ಮಧುಗಿರಿ, ಪಾವಗಡ ಹಾದು ಬಳ್ಳಾರಿ ಕಡೆಗೆ ಸಾಗುತ್ತದೆ. ಸುಮಾರು 250 ಕೋಟಿ ವರ್ಷದ ಕಲ್ಲು. ಮೇಲಿನಿಂದ ನೋಡಿದರೆ ಬೆಟ್ಟ, ಕೋಟೆ. ಕೆಳಗೆ ಅದೇ ಕಲ್ಲು, ಮೇಲೊಂದಿಷ್ಟು ಕೊಳೆತ ಪದರ, ಒಳಗೆ ಅಲ್ಲೊಂದು ಇಲ್ಲೊಂದು ಬಿರುಕು. ಈ ನಾಲ್ಕು ತಾಲೂಕುಗಳ ಅಂತರ್ಜಲ ಬಹುಪಾಲು ಇರುವುದು ಆ ಕೊಳೆತ ಪದರದಲ್ಲಿ ಮತ್ತು ಆ ಬಿರುಕುಗಳಲ್ಲಿ.

ದೂರದಿಂದ ನೀರು ತರುವ ಸುರಂಗದ ಆಸೆಯೂ ಇಲ್ಲಿಯವರಿಗೆ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗ ತೆಗೆದಿದ್ದಾರೆ. ಯೋಜನೆಯ ಫಲಾನುಭವಿ ತಾಲೂಕುಗಳ ಪಟ್ಟಿಯಲ್ಲಿ ಶಿರಾ, ಪಾವಗಡಗಳೂ ಇವೆ. ಎತ್ತಿನಹೊಳೆ ನೀರಿನ ದಾರಿ ಕೊರಟಗೆರೆ ಕಡೆಗೆ ನೋಡುತ್ತದೆ. ಅಜ್ಜಂಪುರದ ಸುರಂಗದ ನೆಲ ಕೈಕೊಟ್ಟಿದ್ದರೆ ಹೊರಲು ಸರ್ಕಾರವಿದೆ, ಗುತ್ತಿಗೆದಾರನಿದ್ದಾನೆ, ವಿಮಾ ಕಂಪನಿಯಿದೆ. ಅಷ್ಟು ಭುಜಗಳು.

ಅದೇ ನೆಲದಲ್ಲಿ ಆರೂವರೆ ಇಂಚಿನ ತೂತು ತೆಗೆಯುವ ರೈತನಿಗೆ ಇರುವುದು ಅವನ ಭುಜ ಒಂದೇ. ಆ ಕೆಲಸ ನಡೆಯುವ ಬಗೆ ನೋಡಿ. ತೆಂಗಿನಕಾಯಿ ಹಿಡಿದವರೋ ಮೀಟರು ಹಿಡಿದವರೋ ಬಂದು ಪಾಯಿಂಟ್ ಮಾಡಿಕೊಡುತ್ತಾರೆ. ಸಂಜೆಗೆ ರಿಗ್ ಬರುತ್ತದೆ. ಪೂಜೆಯಾಗಿ ಬಿಟ್ ಇಳಿಯುತ್ತದೆ. ಮೊದಲು ಕೆಂಪು ಮಣ್ಣು, ಆಮೇಲೆ ಬಿಳಿಚಿದ ಕೊಳೆತ ಕಲ್ಲು, ಗಟ್ಟಿ ಕಲ್ಲು ಸಿಕ್ಕುವವರೆಗೆ ಕೇಸಿಂಗ್ ಪೈಪು. ಅಲ್ಲಿಂದ ಮುಂದೆ ಬೂದಿ ಬಣ್ಣದ ಧೂಳು, ಮರಗಿಡ ಮುಚ್ಚುವಷ್ಟು. ಧೂಳು ಒದ್ದೆಯಾದರೆ ಎಲ್ಲರ ಮುಖ ಅರಳುತ್ತದೆ. ಆರುನೂರು ಅಡಿ ದಾಟಿದರೂ ಒಣಧೂಳೇ ಎದ್ದರೆ ರಿಗ್ಗಿನವ ಕೇಳುತ್ತಾನೆ, "ಇನ್ನೊಂದು ನೂರಡಿ ಇಳಿಸಣೇನಣ್ಣ?" ರೈತ ಹೆಂಡತಿಯ ಮುಖ ನೋಡುತ್ತಾನೆ. "ಇಳಿಸಪ್ಪ, ಇಷ್ಟು ದೂರ ಬಂದು ನಿಲ್ಸದೇನು." ಅಡಿಗಿಷ್ಟು ಎಂದು ಲೆಕ್ಕ, ಆಳ ಹೋದಂತೆ ಅಡಿಯ ದರ ಏರುತ್ತದೆ. ನೀರು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಪಾಯಿಂಟ್ ಮಾಡಿದವರಿಗೆ ದಕ್ಷಿಣೆ ಸಂದಿದೆ, ರಿಗ್ಗಿನವರಿಗೆ ಅಡಿಯ ಬಾಡಿಗೆ ಸಂದಿದೆ, ನೆಲದೊಳಗಿನ ಅಪಾಯವೆಲ್ಲ ಒಡವೆ ಅಡವಿಟ್ಟವನ ಪಾಲು. ಸುರಂಗದ ಗುತ್ತಿಗೆಯಲ್ಲಿ ಎಲ್ಲ ಅಪಾಯವನ್ನೂ ಗುತ್ತಿಗೆದಾರನ ತಲೆಗೆ ಕಟ್ಟಿ ಜಗತ್ತು ಕೆಟ್ಟಿತು. ಇಲ್ಲಿ ಎಲ್ಲವನ್ನೂ ರೈತನ ತಲೆಗೆ ಕಟ್ಟಿದ್ದೇವೆ. ಅತ್ತ ಸುಧಾರಿಸಿದ ತಪ್ಪು ಇತ್ತ ಹಾಗೇ ಇದೆ, ಅದೂ ಹೊರಲು ಏನೇನೂ ತ್ರಾಣವಿಲ್ಲದವನ ಮೇಲೆ.

ಪಂಪು-ಮೋಟಾರಿಗೆ ವಿಮೆ ಮಾಡಿಸಿದ ರೈತರು ಈ ಕಡೆ ಸಿಗುತ್ತಾರೆ, ತೂತಿಗೆ ವಿಮೆ ಮಾಡಿಸಿದವರನ್ನು ನಾನು ಕಂಡಿಲ್ಲ. ಸರ್ಕಾರದ ಗಂಗಾ ಕಲ್ಯಾಣ ಯೋಜನೆಯಲ್ಲಿ ಹಿಂದುಳಿದ, ಪರಿಶಿಷ್ಟ ಸಮುದಾಯಗಳ ಸಣ್ಣ ರೈತರಿಗೆ ಸರ್ಕಾರವೇ ಕೊಳವೆಬಾವಿ ಕೊರೆಸಿಕೊಡುತ್ತದೆ. ನೆಲದ ಅಪಾಯ ಸರ್ಕಾರದ ಭುಜಕ್ಕೆ ಹೋಗುವ ಒಂದು ದಾರಿ ಅದು, ಆದರೆ ಸರದಿ ಉದ್ದ.

ಇಲ್ಲಿ ಮೊದಲು ಹೀಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಈ ನಾಲ್ಕು ತಾಲೂಕುಗಳ ತಲಪರಿಗೆಗಳು. ಜಯಮಂಗಲಿ, ಸುವರ್ಣಮುಖಿಯ ಆಸುಪಾಸಿನ ಮರಳು ನೆಲದಲ್ಲಿ, ಕೆರೆಗಳ ಅಂಗಳದಲ್ಲಿ ಒರತೆಯೊಡೆಯುವ ಜಾಗ ಗುರುತಿಸಿ, ಗುಂಡಿ ತೋಡಿ, ಅಂಚು ಕುಸಿಯದಂತೆ ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆಯಲ್ಲಿ ಗದ್ದೆಗೆ ನೀರು ಹರಿಸುವ ಏರ್ಪಾಡು ಅದು. ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಸುತ್ತಿ ಇವನ್ನು ದಾಖಲಿಸಿದ್ದಾರೆ. ಕೆರೆಯಲ್ಲಿ ನೀರಿದ್ದಾಗ ತಲಪರಿಗೆ ಮುಳುಗಿರುತ್ತದೆ. ಕೆರೆ ಬತ್ತಿದ ಮೇಲೆ ಅದರ ಸರದಿ. ಹೂಳು, ಮರಳು ತೆಗೆಯಲು ಅಚ್ಚುಕಟ್ಟಿನ ಮನೆಗಳವರು ಗುದ್ದಲಿ ಹಿಡಿದು ಬರಬೇಕು, ನೀರು ಪಾಳಿಯಲ್ಲಿ ಹಂಚಬೇಕು. ನೀರು ಕಡಿಮೆಯಾದ ವರ್ಷ ಎಲ್ಲರಿಗೂ ಕಡಿಮೆ. ಒಬ್ಬನೇ ಮುಳುಗುವ ಪ್ರಮೇಯವಿರಲಿಲ್ಲ. ಮರಳು ಲಾರಿ ಹತ್ತಿತು, ಬೋರ್‌ವೆಲ್ಲುಗಳು ಆ ನೀರನ್ನು ಕೆಳಗೆಳೆದವು, ಬಹುಪಾಲು ತಲಪರಿಗೆಗಳು ಬತ್ತಿದವು. ಊರಿನ ಭುಜದ ಮೇಲಿದ್ದ ಅಪಾಯ ಒಬ್ಬೊಬ್ಬನ ಭುಜಕ್ಕೆ ಇಳಿದದ್ದು ಆಗ.

ಕೊಳವೆಬಾವಿಗೆ ಆಧಾರರೇಖೆ ಬರೆಯಲು ಆಗುವುದೇ? ಆಗುತ್ತದೆಂದು ನನ್ನ ನಂಬಿಕೆ. ಬೇಕಾದ ಮಾಹಿತಿ ಹುಟ್ಟುತ್ತಲೇ ಇದೆ, ಧೂಳಿನ ಜೊತೆ ಹಾರಿಹೋಗುತ್ತಿದೆ. ಎಷ್ಟನೇ ಅಡಿಗೆ ಗಟ್ಟಿ ಕಲ್ಲು, ಎಷ್ಟನೇ ಅಡಿಗೆ ಬಿರುಕು, ಎಲ್ಲಿ ಒದ್ದೆ, ಎಷ್ಟು ಇಂಚು ನೀರು, ಎಷ್ಟು ಕೇಸಿಂಗ್, ಇದೆಲ್ಲ ರಿಗ್ಗಿನ ಹುಡುಗರಿಗೆ ಆ ರಾತ್ರಿ ಗೊತ್ತಿರುತ್ತದೆ. ಬೆಳಗಾಗುವ ಹೊತ್ತಿಗೆ ಲಾರಿ ಮುಂದಿನ ಊರಿಗೆ. ನೀರು ಬಂದ ಬಾವಿಯಷ್ಟೇ ಫೇಲಾದ ಬಾವಿಯ ಲೆಕ್ಕವೂ ಬೆಲೆಯುಳ್ಳದ್ದು, ಆದರೆ ಫೇಲಾದದ್ದರ ಮೇಲೆ ಕಲ್ಲು ಮುಚ್ಚಿ ಎಲ್ಲರೂ ಮರೆಯುತ್ತಾರೆ. ಒಂದು ಹೋಬಳಿಯಲ್ಲಿ ಕೊರೆದ ಪ್ರತಿ ತೂತಿನ ಲೆಕ್ಕವನ್ನೂ ಬರೆದಿಟ್ಟರೆ, ಇಷ್ಟು ಅಡಿಯೊಳಗೆ ಇಷ್ಟು ನೀರು ಸಿಗುವ ಸಂಭವ ಎಷ್ಟು ಎಂದು ಹೇಳಬಹುದು. ಆ ಗೆರೆ ಸಿಕ್ಕರೆ ಪಾಲಿಸಿ ಬರೆಯಬಹುದು. ಗೊತ್ತುಪಡಿಸಿದ ಆಳಕ್ಕೆ ಗೊತ್ತುಪಡಿಸಿದ ನೀರು ಬಾರದಿದ್ದರೆ ಇಷ್ಟು ಪರಿಹಾರ, ಅದಕ್ಕಿಂತ ಆಳಕ್ಕೆ ಹೋಗುವುದು ರೈತನ ಸ್ವಂತ ಹೊಣೆ. ಸಂಭವ ತೀರಾ ಕಡಿಮೆಯಿರುವ ಜಾಗಕ್ಕೆ ವಿಮೆಯವರು ಪಾಲಿಸಿ ಕೊಡಲೊಪ್ಪದಿದ್ದರೆ, ಅದೇ ಆ ರೈತನಿಗೆ ಮುಂಚಿತವಾಗಿ ಸಿಗುವ ಒಂದು ನಿಜವಾದ ಎಚ್ಚರಿಕೆ. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಈ ಸೀಮೆಯಲ್ಲಿ, ತೂತು ಕೊರೆಯಬಾರದ ಜಾಗ ಯಾವುದೆಂದು ತಿಳಿಯುವುದೂ ಒಂದು ರಕ್ಷಣೆಯೇ.

ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಲ್ಲಿ ಬಾವಿಗಳ ನೋಂದಣಿಗೂ ರಿಗ್‌ಗಳ ನೋಂದಣಿಗೂ ಅವಕಾಶವಿದೆ, ತಾಲೂಕುಗಳಲ್ಲಿ ನೀರಿನ ಮಟ್ಟ ನೋಡುವ ವೀಕ್ಷಣಾ ಬಾವಿಗಳಿವೆ, ಅಂತರ್ಜಲ ನಿರ್ದೇಶನಾಲಯದಲ್ಲಿ ಭೂವಿಜ್ಞಾನಿಗಳಿದ್ದಾರೆ. ನೋಂದಣಿಯಾದ ಪ್ರತಿ ರಿಗ್ಗಿನಿಂದ ಕೊರೆದ ಮರುದಿನವೇ ಒಂದು ಹಾಳೆ ತರಿಸಿಕೊಂಡರೆ ಸಾಕು: ಸರ್ವೆ ನಂಬರು, ಆಳ, ಕೇಸಿಂಗ್, ಬಿರುಕು ಸಿಕ್ಕ ಅಡಿ, ನೀರಿನ ಇಂಚು. ನೀರು ಬಾರದಿದ್ದರೆ ಸೊನ್ನೆ ಎಂದು ಬರೆಯಬೇಕು, ಖಾಲಿ ಬಿಡಬಾರದು.